ಚಳಿ ಮತ್ತು ರೀಚಾರ್ಜ್ ಬ್ಯಾಟರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲಡಾಖಿನ ಹಾನ್ಲೆಯಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಒಂದು ರಾತ್ರಿ ಆಕಾಶಗಂಗೆಯ ಚಿತ್ರ ತೆಗೆಯುತ್ತಿದ್ದಾಗ, ಬ್ಯಾಟರಿಯ ಗುರುತು ಅರ್ಧಕ್ಕಿಂತ ಹೆಚ್ಚು ತೋರಿಸುತ್ತಿದ್ದಂತೆಯೇ ನನ್ನ ಕ್ಯಾಮೆರಾ ನಿಂತುಹೋಯಿತು. ಬ್ಯಾಟರಿಯನ್ನು ಬಿಚ್ಚಿ, ಅಂಗಿಯ ಒಳಜೇಬಿಗೆ ಹಾಕಿಕೊಂಡು, ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿದರೆ ಅದೇ ಬ್ಯಾಟರಿ ಇನ್ನೂ ನಲವತ್ತು ಚಿತ್ರಗಳಿಗೆ ಸಾಕಾಯಿತು. ಅಂದಿನಿಂದ ಲಡಾಖಿಗೋ ಹಿಮಾಲಯದ ಚಾರಣಕ್ಕೋ ಹೊರಡುವ ಗೆಳೆಯರೂ, ಕೆನಡಾ ಮತ್ತು ಅಮೆರಿಕದಲ್ಲಿ ನೆಲೆಸಿ ಎಲೆಕ್ಟ್ರಿಕ್ ಕಾರು ಕೊಂಡಿರುವ ಬಂಧುಗಳೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು, ಸಾಧ್ಯವಾದಷ್ಟು ವಿವರವಾದ ಉತ್ತರಗಳೊಂದಿಗೆ, ಇಲ್ಲಿ ಒಟ್ಟು ಮಾಡಿದ್ದೇನೆ.

ಫೋನಿನಲ್ಲಿ 40 ಪ್ರತಿಶತ ಇದ್ದಾಗಲೇ ಅದು ಆಫ್ ಆಯಿತು. ಉಳಿದ ಚಾರ್ಜ್ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ, ಬ್ಯಾಟರಿಯ ಒಳಗೇ ಇದೆ. ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಕಿಟಕಿಯಲ್ಲಿರುವ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ನೆನೆಯಿರಿ. ಬಾಟಲಿ ತುಂಬಿದ್ದರೂ ಬಗ್ಗಿಸಿದರೆ ಒಂದು ಹನಿಯೂ ಬೀಳುವುದಿಲ್ಲ. ಬಿಸಿಲಿಗೆ ಇಟ್ಟರೆ ಅಷ್ಟೂ ಎಣ್ಣೆ ಮತ್ತೆ ಹರಿಯುತ್ತದೆ. ಚಳಿಯಲ್ಲಿ ಬ್ಯಾಟರಿಗೆ ಆಗುವುದೂ ಬಹುಮಟ್ಟಿಗೆ ಇದೇ. ಕೂಡಿಟ್ಟ ಶಕ್ತಿ ಕಡಿಮೆಯಾಗಿರುವುದಿಲ್ಲ, ಅದು ಹೊರಬರುವ ವೇಗ ಕಡಿಮೆಯಾಗಿರುತ್ತದೆ. ಸಾಧನ ಕೇಳಿದ ವೇಗದಲ್ಲಿ ವಿದ್ಯುತ್ ಒದಗಿಸಲು ಬ್ಯಾಟರಿಗೆ ಆಗದಿದ್ದಾಗ, ಸಾಧನ ತನ್ನ ರಕ್ಷಣೆಗಾಗಿ ತಾನೇ ನಿಂತುಕೊಳ್ಳುತ್ತದೆ.

ಬ್ಯಾಟರಿಯ ಒಳಗೆ ನಿಜವಾಗಿ ಏನು ನಡೆಯುತ್ತದೆ?

ಇಂದಿನ ಫೋನು, ಲ್ಯಾಪ್‌ಟಾಪ್, ಕ್ಯಾಮೆರಾ ಮತ್ತು ಎಲೆಕ್ಟ್ರಿಕ್ ವಾಹನಗಳಲ್ಲಿ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಇದಕ್ಕೆ ಅಡಿಪಾಯ ಹಾಕಿದ ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಬ್ಯಾಟರಿಯ ಒಂದು ಬದಿಯಲ್ಲಿ ಗ್ರಾಫೈಟ್, ಇನ್ನೊಂದು ಬದಿಯಲ್ಲಿ ಲೋಹದ ಆಕ್ಸೈಡ್ ಅಥವಾ ಫಾಸ್ಫೇಟ್, ನಡುವೆ ಎಲೆಕ್ಟ್ರೊಲೈಟ್ ಎಂಬ ದ್ರವ ಇರುತ್ತದೆ. ನಾವು ಬಳಸುವಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಲಿಥಿಯಂ ಕಣಗಳು, ಗ್ರಾಫೈಟಿನ ಪದರಗಳಿಂದ ಹೊರಬಂದು, ದ್ರವವನ್ನು ದಾಟಿ, ಎದುರು ಬದಿಗೆ ಸೇರುತ್ತವೆ; ಚಾರ್ಜ್ ಮಾಡುವಾಗ ಅದೇ ದಾರಿಯಲ್ಲಿ ಹಿಂದಿರುಗುತ್ತವೆ.

ಈ ಪಯಣದ ಪ್ರತಿಯೊಂದು ಹಂತವನ್ನೂ ಚಳಿ ನಿಧಾನಗೊಳಿಸುತ್ತದೆ. ಮೊದಲನೆಯದಾಗಿ ದ್ರವವೇ ಮಂದವಾಗುತ್ತದೆ. ಎಲೆಕ್ಟ್ರೊಲೈಟಿನ ಮುಖ್ಯ ಭಾಗವಾದ ಎಥಿಲೀನ್ ಕಾರ್ಬೊನೇಟ್ ಒಂಟಿಯಾಗಿದ್ದರೆ ಸುಮಾರು 36 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಗಟ್ಟಿಯಾಗುವ ವಸ್ತು, ಅಂದರೆ ಕೊಬ್ಬರಿ ಎಣ್ಣೆಗಿಂತಲೂ ಬೇಗ ಹೆಪ್ಪುಗಟ್ಟುವಂಥದ್ದು. ಬೇರೆ ತೆಳುವಾದ ದ್ರಾವಕಗಳನ್ನು ಬೆರೆಸಿರುವುದರಿಂದಲೇ ಅದು ಸೊನ್ನೆಯ ಕೆಳಗೂ ದ್ರವವಾಗಿ ಉಳಿಯುತ್ತದೆ. ಎರಡನೆಯದಾಗಿ, ದ್ರವದಲ್ಲಿ ಚಲಿಸುವ ಪ್ರತಿ ಲಿಥಿಯಂ ಅಯಾನನ್ನು ದ್ರಾವಕದ ಅಣುಗಳು ಸುತ್ತುವರಿದಿರುತ್ತವೆ. ಘನ ಪದರದೊಳಗೆ ಕಾಲಿಡುವ ಮುನ್ನ ಅಯಾನು ಈ ಹೊದಿಕೆಯನ್ನು ಕಳಚಿಕೊಳ್ಳಬೇಕು. ಅದಕ್ಕೆ ಶಕ್ತಿ ಬೇಕು, ಚಳಿಯಲ್ಲಿ ಆ ಶಕ್ತಿಯುಳ್ಳ ಅಯಾನುಗಳ ಸಂಖ್ಯೆ ಬಹಳ ಇಳಿಯುತ್ತದೆ. ತೀವ್ರ ಚಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಡೆ ಇದೇ ಎಂದು ಹೇಳಬಹುದು. ಕೊನೆಗೆ, ಗ್ರಾಫೈಟಿನ ಪದರಗಳ ಒಳಗೆ ಅಯಾನುಗಳು ಹರಡಿಕೊಳ್ಳುವುದೂ ನಿಧಾನವಾಗುತ್ತದೆ. ಇವೆಲ್ಲವೂ ಸೇರಿ ಹೊರಗೆ ನಮಗೆ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ: ಬ್ಯಾಟರಿಯ ಒಳರೋಧ, ಅಂದರೆ ಕರೆಂಟ್ ಹರಿಯುವುದಕ್ಕೆ ಅದರೊಳಗೇ ಇರುವ ತಡೆ, ಹೆಚ್ಚುತ್ತದೆ.

ಒಳರೋಧ ಹೆಚ್ಚಿದರೆ ಸಾಮರ್ಥ್ಯ ಕಡಿಮೆಯಾದಂತೆ ಕಾಣುವುದೇಕೆ?

ಒಂದು ಸರಳ ಲೆಕ್ಕ ನೋಡೋಣ. ಅರ್ಧ ಚಾರ್ಜ್ ಇರುವ ಫೋನ್ ಬ್ಯಾಟರಿಯ ವೋಲ್ಟೇಜ್ 3.8 ಎಂದೂ, ಬೆಚ್ಚಗಿರುವಾಗ ಅದರ ಒಳರೋಧ 0.1 ಓಮ್ ಎಂದೂ ಇಟ್ಟುಕೊಳ್ಳಿ. ಕ್ಯಾಮೆರಾ ತೆರೆದಾಗ ಫೋನು 2 ಆಂಪಿಯರ್ ಕರೆಂಟ್ ಎಳೆದರೆ ಬ್ಯಾಟರಿಯ ಒಳಗೇ 0.2 ವೋಲ್ಟ್ ಕಳೆದುಹೋಗಿ, ಹೊರಗೆ 3.6 ವೋಲ್ಟ್ ಸಿಗುತ್ತದೆ. ಯಾವ ತೊಂದರೆಯೂ ಇಲ್ಲ. ಚಳಿಯಲ್ಲಿ ಒಳರೋಧ ನಾಲ್ಕು ಪಟ್ಟಾಗಿ 0.4 ಓಮ್ ಆಯಿತೆನ್ನಿ. ಈಗ ಅದೇ 2 ಆಂಪಿಯರ್‌ಗೆ 0.8 ವೋಲ್ಟ್ ಒಳಗೇ ಬಿದ್ದುಹೋಗಿ, ಹೊರಗೆ 3.0 ವೋಲ್ಟ್ ಮಾತ್ರ ಉಳಿಯುತ್ತದೆ. 3.2 ವೋಲ್ಟ್‌ಗೆ ನಿಲ್ಲುವಂತೆ ಹೊಂದಿಸಿರುವ ಫೋನು ಬ್ಯಾಟರಿ ಖಾಲಿಯಾಯಿತೆಂದೇ ತಿಳಿದು ಆಫ್ ಆಗುತ್ತದೆ.

ಇದೇ ಲೆಕ್ಕದಲ್ಲಿ ಅರ್ಧ ಆಂಪಿಯರ್ ಮಾತ್ರ ಎಳೆದರೆ 0.2 ವೋಲ್ಟ್ ಅಷ್ಟೇ ಬೀಳುತ್ತದೆ, ಫೋನು ಎಂದಿನಂತೆ ನಡೆಯುತ್ತದೆ. ಚಳಿಯಲ್ಲಿ ಸಂದೇಶ ಕಳುಹಿಸುವಾಗ ಸುಮ್ಮನಿದ್ದ ಫೋನು ವಿಡಿಯೊ ಶುರು ಮಾಡಿದ ಕ್ಷಣಕ್ಕೆ ಸಾಯುವುದು ಇದರಿಂದಲೇ. ಹಳೆಯ ಬ್ಯಾಟರಿಗಳಲ್ಲಿ ಒಳರೋಧ ಮೊದಲೇ ಹೆಚ್ಚಾಗಿರುವುದರಿಂದ, ಒಂದೇ ಚಳಿಯಲ್ಲಿ ನಿಂತ ಇಬ್ಬರ ಪೈಕಿ ಮೂರು ವರ್ಷ ಹಳೆಯ ಫೋನ್ ಇರುವವರದೇ ಮೊದಲು ನಿಲ್ಲುತ್ತದೆ.

ಹಾಗಾದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬೇಕು?

25 ಡಿಗ್ರಿಯಲ್ಲಿ ಸಿಗುವುದನ್ನು 100 ಎಂದುಕೊಂಡರೆ, ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿ ಸುಮಾರು 80ರಿಂದ 90ರಷ್ಟು, ಮೈನಸ್ 20ರಲ್ಲಿ 50ರಿಂದ 70ರಷ್ಟು ಕೊಡುತ್ತದೆ ಎಂಬುದು ಒಂದು ಒರಟು ಅಂದಾಜು. ಬ್ಯಾಟರಿಯ ಬಗೆ, ವಯಸ್ಸು ಮತ್ತು ಎಳೆಯುವ ಕರೆಂಟನ್ನು ಅವಲಂಬಿಸಿ ಇದು ಬಹಳ ಬದಲಾಗುತ್ತದೆ. ಐಫೋನನ್ನು 0 ಮತ್ತು 35 ಡಿಗ್ರಿಗಳ ನಡುವೆ ಬಳಸಬೇಕೆಂದು ಆ್ಯಪಲ್ ಹೇಳುತ್ತದೆ. ಚಾರಣಕ್ಕೆ ಹೋಗುವವರಿಗೆ ನನ್ನ ಸಲಹೆಯೆಂದರೆ, ಊರಿನಲ್ಲಿ ಬೇಕಾಗುವುದರ ಎರಡರಷ್ಟು ಬ್ಯಾಟರಿ ಒಯ್ಯಿರಿ.

ಚಳಿಯಲ್ಲಿ ಬಳಸಿದರೆ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆಯೇ?

ಇಲ್ಲ. ಚಳಿಯಲ್ಲಿ ಬಳಸುವುದರಿಂದ ಆಗುವ ನಷ್ಟ ತಾತ್ಕಾಲಿಕ. ಬೆಚ್ಚಗಾದ ಮೇಲೆ ಸಾಮರ್ಥ್ಯ ಮರಳುತ್ತದೆ. ಶಾಶ್ವತ ಹಾನಿಗೆ ಕಾರಣವಾಗುವುದು ಮುಂದಿನ ಪ್ರಶ್ನೆಯಲ್ಲಿ ಹೇಳಿರುವ ತಪ್ಪು.

ಚಳಿಯಲ್ಲಿ ಚಾರ್ಜ್ ಮಾಡಬಾರದು ಎನ್ನುವುದೇಕೆ?

ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವಷ್ಟು ಸಮಯವಿದ್ದರೆ ದಯವಿಟ್ಟು ಇದನ್ನು ಓದಿ.

ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ಒಳಗೆ ಹೋಗಿ ಕೂರಬೇಕು. ಚಳಿಯಲ್ಲಿ ಪದರಗಳೊಳಗೆ ನುಗ್ಗುವ ಕೆಲಸ ನಿಧಾನವಾಗಿರುತ್ತದೆ, ಆದರೆ ಚಾರ್ಜರ್ ಅಯಾನುಗಳನ್ನು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಜಾತ್ರೆಯ ದಿನ ದೇವಸ್ಥಾನದ ಒಂದೇ ಬಾಗಿಲು ತೆರೆದಿದ್ದು, ಹಿಂದಿನಿಂದ ಜನ ನೂಕುತ್ತಿದ್ದರೆ ಬಾಗಿಲ ಹೊರಗೆ ಜನ ಗುಂಪುಗೂಡುವಂತೆ, ಒಳಗೆ ಹೋಗಲಾಗದ ಲಿಥಿಯಂ ಗ್ರಾಫೈಟಿನ ಮೇಲ್ಮೈಯಲ್ಲಿಯೇ ಲೋಹವಾಗಿ ಲೇಪಗೊಳ್ಳುತ್ತದೆ. ಹೀಗೆ ಲೋಹವಾದ ಲಿಥಿಯಂನ ಒಂದು ಭಾಗ ಮತ್ತೆಂದೂ ಕೆಲಸಕ್ಕೆ ಬಾರದು. ಅಷ್ಟು ಸಾಮರ್ಥ್ಯ ಶಾಶ್ವತವಾಗಿ ಹೋಯಿತು. ಇದಕ್ಕಿಂತ ಅಪಾಯಕಾರಿಯಾದದ್ದೆಂದರೆ, ಆ ಲೋಹ ಮುಳ್ಳುಗಳಂತೆ ಬೆಳೆದು ಎರಡು ಬದಿಗಳ ನಡುವಿನ ತೆಳುವಾದ ಪರದೆಯನ್ನು ಚುಚ್ಚಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಬಹುದು. ಹಾನಿಯಾದದ್ದು ಅಂದೇ ಗೊತ್ತಾಗುವುದಿಲ್ಲ. ಊರಿಗೆ ಮರಳಿ, ವಾರಗಳಾದ ಮೇಲೆ ಬ್ಯಾಟರಿ ಬೇಗ ಇಳಿಯುತ್ತಿರುವುದು ಕಾಣಿಸುತ್ತದೆ.

ಆದ್ದರಿಂದ ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. 5 ಡಿಗ್ರಿಯ ಆಸುಪಾಸಿನಲ್ಲಿ ಮಾಡುವುದಿದ್ದರೂ ಫಾಸ್ಟ್ ಚಾರ್ಜರ್ ಬೇಡ, ನಿಧಾನದ ಚಾರ್ಜರ್ ಇರಲಿ. ಇಲ್ಲಿ ಲೆಕ್ಕಕ್ಕೆ ಬರುವುದು ಹೊರಗಿನ ಗಾಳಿಯ ಉಷ್ಣತೆಯಲ್ಲ, ಬ್ಯಾಟರಿಯ ಒಡಲಿನ ಉಷ್ಣತೆ ಎಂಬುದನ್ನು ಮರೆಯಬೇಡಿ. ರಾತ್ರಿಯಿಡೀ ಟೆಂಟಿನ ಹೊರಗಿದ್ದ ಬ್ಯಾಟರಿಯನ್ನು ಬೆಚ್ಚನೆಯ ಅಡುಗೆಮನೆಗೆ ತಂದ ಕೂಡಲೇ ಚಾರ್ಜರ್‌ಗೆ ಹಾಕಿದರೆ, ಕೋಣೆ ಬೆಚ್ಚಗಿದ್ದರೂ ಬ್ಯಾಟರಿಯ ಒಳಭಾಗ ಇನ್ನೂ ತಣ್ಣಗೇ ಇರುತ್ತದೆ. ಚಿಕ್ಕ ಬ್ಯಾಟರಿಗೆ ಒಂದು ಗಂಟೆ, ದೊಡ್ಡ ಪವರ್ ಬ್ಯಾಂಕಿಗೆ ಎರಡು ಗಂಟೆ ಕೊಟ್ಟು, ಕೈಗೆ ತಣ್ಣಗೆ ತಾಗದಿರುವಾಗ ಮಾತ್ರ ನಾನು ಚಾರ್ಜ್‌ಗೆ ಇಡುತ್ತೇನೆ. ಒಳ್ಳೆಯ ಫೋನುಗಳಲ್ಲಿ ಮತ್ತು ವಾಹನಗಳಲ್ಲಿ ಉಷ್ಣತೆ ಅಳೆದು ಚಾರ್ಜಿಂಗನ್ನು ತಡೆಯುವ ವ್ಯವಸ್ಥೆ ಇರುತ್ತದೆ. ಅಗ್ಗದ ಪವರ್ ಬ್ಯಾಂಕುಗಳಲ್ಲಿಯೂ, ಬಿಡಿ ಸೆಲ್‌ಗಳನ್ನು ಜೋಡಿಸಿ ಕೈಯಾರೆ ಕಟ್ಟಿದ ಪ್ಯಾಕ್‌ಗಳಲ್ಲಿಯೂ ಅದು ಇರುತ್ತದೆಂಬ ಭರವಸೆಯಿಲ್ಲ. ಅಲ್ಲಿ ಎಚ್ಚರ ನಮ್ಮದೇ ಆಗಿರಬೇಕು.

ಹಾನ್ಲೆಯಂಥ ಜಾಗದಲ್ಲಿ ರಾತ್ರಿಯಿಡೀ ಚಿತ್ರ ತೆಗೆಯುವವರು ಬ್ಯಾಟರಿಯನ್ನು ಹೇಗೆ ನೋಡಿಕೊಳ್ಳಬೇಕು?

ಹಾನ್ಲೆಗೂ ಬೆಂಗಳೂರಿಗೂ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2022ರಲ್ಲಿ ಆ ಪ್ರದೇಶ ಡಾರ್ಕ್ ಸ್ಕೈ ರಿಸರ್ವ್ (ರಾತ್ರಿಯ ಆಕಾಶದ ಕತ್ತಲನ್ನು ಕಾಪಾಡುವ ಪ್ರದೇಶ) ಆದ ಮೇಲೆ ಕರ್ನಾಟಕದಿಂದ ಹೋಗುವ ಹವ್ಯಾಸಿಗಳೂ ಹೆಚ್ಚಿದ್ದಾರೆ.

ನಾನು ಪಾಲಿಸುವ ಕ್ರಮ ಹೀಗಿದೆ. ಮೂರು ಬ್ಯಾಟರಿಗಳಿದ್ದರೆ ಒಂದು ಕ್ಯಾಮೆರಾದಲ್ಲಿ, ಉಳಿದೆರಡು ಮೈಗೆ ತಾಗುವ ಒಳಜೇಬಿನಲ್ಲಿ ಇರುತ್ತವೆ. ಹೊರಗಿನ ಜಾಕೆಟ್ಟಿನ ಜೇಬು ಪ್ರಯೋಜನಕ್ಕೆ ಬಾರದು. ಬಲಜೇಬು ತುಂಬಿದವಕ್ಕೆ, ಎಡಜೇಬು ಬಳಸಿದವಕ್ಕೆ ಎಂದು ಗೊತ್ತು ಮಾಡಿಕೊಂಡರೆ, ಕೆಂಪು ಟಾರ್ಚಿನ ಮಂದ ಬೆಳಕಿನಲ್ಲಿ ಮರಗಟ್ಟಿದ ಬೆರಳುಗಳಿಂದ ಹುಡುಕಾಡುವುದು ತಪ್ಪುತ್ತದೆ. ಬಿಡಿ ಬ್ಯಾಟರಿಗಳ ಲೋಹದ ತುದಿಗಳಿಗೆ ಮುಚ್ಚಳ ಇರಲಿ. ಕೀಲಿಕೈ ಅಥವಾ ನಾಣ್ಯ ತಾಗಿದರೆ ಶಾರ್ಟ್ ಆಗುತ್ತದೆ. ಕ್ಯಾಮೆರಾದ ಪರದೆ, ವೈಫೈ ಮತ್ತು ಬ್ಲೂಟೂತ್ ಆರಿಸಿಡಿ. ಪವರ್ ಬ್ಯಾಂಕಿನಿಂದ ಕ್ಯಾಮೆರಾ ನಡೆಸುವುದಾದರೆ ಅದನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಚೀಲದೊಳಗೆ ಇಡಿ. ಕೆಲಸ ಮಾಡುವಾಗ ಅದರಲ್ಲಿಯೇ ಹುಟ್ಟುವ ಅಲ್ಪ ಶಾಖ ಹೊರಹೋಗದೆ ಉಳಿಯುತ್ತದೆ. ರಾತ್ರಿ ಮಲಗುವಾಗ ಎಲ್ಲ ಬ್ಯಾಟರಿಗಳೂ ಸ್ಲೀಪಿಂಗ್ ಬ್ಯಾಗಿನೊಳಗೆ ನಿಮ್ಮ ಜೊತೆಯಲ್ಲೇ ಇರಬೇಕು.

ಬೆಚ್ಚನೆಯ ಕೋಣೆಗೆ ಮರಳುವಾಗ ಇನ್ನೊಂದು ಎಚ್ಚರ ಬೇಕು. ತಣ್ಣಗಿನ ಕ್ಯಾಮೆರಾದ ಮೇಲೂ ಬ್ಯಾಟರಿಯ ಮೇಲೂ, ಫ್ರಿಜ್ಜಿನಿಂದ ತೆಗೆದ ಲೋಟದ ಹೊರಮೈಯಲ್ಲಿ ಕೂಡುವಂತೆ, ನೀರಿನ ಹನಿ ಕೂಡುತ್ತದೆ. ಒಳಬರುವ ಮುನ್ನವೇ ಅವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿದರೆ ಹನಿ ಚೀಲದ ಹೊರಗೆ ಕೂಡುತ್ತದೆ. ಗಂಟೆ ಕಳೆದ ಮೇಲೆ ಚೀಲ ಬಿಚ್ಚಿ.

ಬ್ಯಾಟರಿಯನ್ನು ಬೇಗ ಬಿಸಿ ಮಾಡಲು ಬಿಸಿನೀರಿನ ಚೀಲ, ಹೇರ್ ಡ್ರೈಯರ್, ಒಲೆಯ ಪಕ್ಕ ಇಡುವುದು ಸರಿಯೇ?

ಬೇಡ. ಒಂದು ಮೈ ಸುಡುವಷ್ಟು ಬಿಸಿಯಾಗಿ ಒಳಭಾಗ ತಣ್ಣಗೇ ಉಳಿಯುತ್ತದೆ, ಮತ್ತು ಅತಿಯಾದ ಬಿಸಿ ಲಿಥಿಯಂ ಬ್ಯಾಟರಿಗೆ ಚಳಿಗಿಂತ ದೊಡ್ಡ ಶತ್ರು. ಮೈಯ ಶಾಖವೇ ಸಾಕು.

ವಿದೇಶದಲ್ಲಿರುವ ಬಂಧುಗಳ ಎಲೆಕ್ಟ್ರಿಕ್ ಕಾರು ಚಳಿಗಾಲದಲ್ಲಿ ಅರ್ಧ ದೂರವೂ ಓಡುವುದಿಲ್ಲವಂತೆ. ನಿಜವೇ?

ಕೆಲವು ದಿನಗಳಲ್ಲಿ ನಿಜ, ಆದರೆ ಅದರಲ್ಲಿ ಬ್ಯಾಟರಿಯ ಪಾಲು ಜನ ತಿಳಿದಿರುವಷ್ಟು ದೊಡ್ಡದಲ್ಲ. ಅಮೆರಿಕದ ವಾಹನ ಸಂಘವಾದ ಎಎಎ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೈನಸ್ 7 ಡಿಗ್ರಿಯ ಸುಮಾರಿಗೆ ಹೀಟರ್ ಹಾಕದೆ ಓಡಿಸಿದಾಗ ಕಾರುಗಳ ದೂರ ಸರಾಸರಿ ಶೇಕಡಾ 12ರಷ್ಟು ಇಳಿಯಿತು. ಹೀಟರ್ ಹಾಕಿದಾಗ ಶೇಕಡಾ 41ರಷ್ಟು ಇಳಿಯಿತು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ವ್ಯರ್ಥ ಶಾಖವೇ ಒಳಗನ್ನು ಬೆಚ್ಚಗಿಡುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಅಂಥ ಶಾಖ ಕಡಿಮೆ, ಆದ್ದರಿಂದ ಬ್ಯಾಟರಿಯಿಂದಲೇ ಬೆಚ್ಚಗಾಗಬೇಕು. ನಾರ್ವೆಯ ವಾಹನ ಸಂಘ 2020ರ ಚಳಿಗಾಲದಲ್ಲಿ ರಸ್ತೆಯ ಮೇಲೆ ಓಡಿಸಿ ನೋಡಿದಾಗ ಸರಾಸರಿ ನಷ್ಟ ಶೇಕಡಾ 18.5 ಆಗಿತ್ತು. 2024ರಲ್ಲಿ ಅದೇ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್ ಆಗಿದ್ದವು. ಚಳಿಯ ದೇಶದಲ್ಲಿ ಇವು ನಡೆಯುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣುವುದಿಲ್ಲ.

ಆದರೆ ಚಾರ್ಜಿಂಗ್ ನಿಜವಾದ ತೊಡಕು. 2024ರ ಜನವರಿಯಲ್ಲಿ ಚಿಕಾಗೊ ನಗರದಲ್ಲಿ ಮೈನಸ್ 20 ಡಿಗ್ರಿಯ ಆಸುಪಾಸಿನ ಚಳಿ ಬಂದಾಗ ಚಾರ್ಜಿಂಗ್ ನಿಲ್ದಾಣಗಳ ಮುಂದೆ ಕಾರುಗಳ ಉದ್ದ ಸಾಲು ನಿಂತಿತು. ಮರಗಟ್ಟಿದ ಬ್ಯಾಟರಿಗೆ ಲಿಥಿಯಂ ಲೇಪವಾಗದಿರಲೆಂದು ಕಾರೇ ಚಾರ್ಜಿಂಗ್ ವೇಗವನ್ನು ತಗ್ಗಿಸುವುದರಿಂದ, ಒಂದೊಂದು ಕಾರಿಗೂ ಎಂದಿಗಿಂತ ಬಹಳ ಹೆಚ್ಚು ಹೊತ್ತು ಬೇಕಾಗುತ್ತದೆ. ಅಂಥ ಊರಿನಲ್ಲಿರುವವರು ಕಾರನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿಟ್ಟುಕೊಂಡೇ, ಹೊರಡುವ ಅರ್ಧ ಗಂಟೆ ಮುನ್ನ ಆ್ಯಪ್ ಮೂಲಕ ಬೆಚ್ಚಗಾಗಲು ಬಿಡಬೇಕು. ಫಾಸ್ಟ್ ಚಾರ್ಜರ್‌ಗೆ ಹೋಗುವಾಗ ಅದನ್ನೇ ಗಮ್ಯಸ್ಥಾನವೆಂದು ಕಾರಿನ ನಕ್ಷೆಯಲ್ಲಿ ಹಾಕಿದರೆ ಹಲವು ಕಾರುಗಳು ದಾರಿಯಲ್ಲೇ ಬ್ಯಾಟರಿಯನ್ನು ಸಜ್ಜುಗೊಳಿಸುತ್ತವೆ. ಇಡೀ ಕಾರಿಗೆ ಹೀಟರ್ ಹಾಕುವ ಬದಲು ಸೀಟು ಮತ್ತು ಸ್ಟೀರಿಂಗ್ ಬಿಸಿ ಮಾಡಿಕೊಳ್ಳುವುದು ಮಿತವ್ಯಯದ ದಾರಿ. ಬೆಳಗಿನ ಹೊತ್ತು ಬ್ರೇಕಿನಿಂದ ಬ್ಯಾಟರಿಗೆ ಮರಳುವ ಶಕ್ತಿ ಕಡಿಮೆಯಾಗಿರುವುದೂ ಸಹಜ, ಏಕೆಂದರೆ ಅದೂ ಒಂದು ಬಗೆಯ ಚಾರ್ಜಿಂಗೇ.

ಬೆಂಗಳೂರಿನ ಚಳಿಗೆ ನನ್ನ ಎಲೆಕ್ಟ್ರಿಕ್ ಸ್ಕೂಟರಿಗೆ ತೊಂದರೆಯಾಗುತ್ತದೆಯೇ?

ಇಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಡಿಸೆಂಬರ್ ಬೆಳಿಗ್ಗೆ ಎರಡು ಮೂರು ಕಿಲೋಮೀಟರ್ ಕಡಿಮೆ ತೋರಿಸಿದರೆ ಗಾಬರಿ ಬೇಡ. ಕರ್ನಾಟಕದಲ್ಲಿ ನಾವು ಚಿಂತಿಸಬೇಕಾದದ್ದು ಕಲಬುರಗಿ, ರಾಯಚೂರುಗಳ 40 ಡಿಗ್ರಿ ದಾಟುವ ಬೇಸಿಗೆಯ ಬಗ್ಗೆ. ಚಳಿ ಕಸಿದುಕೊಂಡದ್ದನ್ನು ಹಿಂದಿರುಗಿಸುತ್ತದೆ, ಬಿಸಿ ಹಿಂದಿರುಗಿಸುವುದಿಲ್ಲ.

ಕಾರು, ಜೀಪುಗಳ ಆ್ಯಸಿಡ್ ಬ್ಯಾಟರಿಗೂ ಇದೇ ನಿಯಮವೇ?

ಸೀಸ ಮತ್ತು ಆಮ್ಲದ ಬ್ಯಾಟರಿ ಮೈನಸ್ 18 ಡಿಗ್ರಿಯಲ್ಲಿ ತನ್ನ ಸಾಮರ್ಥ್ಯದ ಅರ್ಧದಷ್ಟನ್ನು ಮಾತ್ರ ಕೊಡಬಲ್ಲದು. ಅದೇ ಹೊತ್ತಿಗೆ ಎಂಜಿನ್ ಆಯಿಲ್ ದಪ್ಪಗಾಗಿ, ಸ್ಟಾರ್ಟ್ ಮಾಡಲು ಹೆಚ್ಚು ಬಲ ಬೇಕಾಗಿರುತ್ತದೆ. ಇದರಲ್ಲಿ ಒಂದು ವಿಶೇಷ ಅಪಾಯವೂ ಇದೆ. ಪೂರ್ತಿ ಚಾರ್ಜ್ ಆಗಿರುವ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ, ಆದರೆ ಖಾಲಿಯಾದ ಬ್ಯಾಟರಿಯಲ್ಲಿ ಆಮ್ಲ ತೆಳುವಾಗಿ ನೀರಿಗೆ ಹತ್ತಿರವಾಗಿರುವುದರಿಂದ ಮೈನಸ್ 10ರ ಆಸುಪಾಸಿಗೇ ಹೆಪ್ಪುಗಟ್ಟಿ, ಹಿಗ್ಗಿ, ಡಬ್ಬಿಯನ್ನೇ ಸೀಳಬಹುದು. ತೀರಾ ಚಳಿಯ ಊರುಗಳಲ್ಲಿ ರಾತ್ರಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟುಕೊಳ್ಳುವುದು ಇದಕ್ಕಾಗಿಯೇ. ಹೆಪ್ಪುಗಟ್ಟಿದ ಬ್ಯಾಟರಿಗೆ ಇನ್ನೊಂದು ಗಾಡಿಯಿಂದ ಜಂಪ್ ಸ್ಟಾರ್ಟ್ ಕೊಡಲು ಹೋಗಬೇಡಿ, ಅದು ಸಿಡಿಯಬಹುದು.

ಚಳಿಗೆ ಹೆಚ್ಚು ತಾಳುವ ಬ್ಯಾಟರಿ ಯಾವುದು?

ಲಿಥಿಯಂ ಬ್ಯಾಟರಿಗಳಲ್ಲಿ, ನಮ್ಮ ಹಲವು ಎಲೆಕ್ಟ್ರಿಕ್ ಕಾರುಗಳಲ್ಲಿರುವ ಐರನ್ ಫಾಸ್ಫೇಟ್ ಬಗೆ ಬಿಸಿಗೆ ಗಟ್ಟಿ, ಆದರೆ ಚಳಿಗೆ ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಗಿಂತ ದುರ್ಬಲ. ಗ್ರಾಫೈಟಿನ ಬದಲು ಲಿಥಿಯಂ ಟೈಟಾನೇಟ್ ಇರುವ ಬ್ಯಾಟರಿಯಲ್ಲಿ ಲೋಹದ ಲೇಪದ ಭಯವಿಲ್ಲದ್ದರಿಂದ ಸೊನ್ನೆಯ ಬಹಳ ಕೆಳಗೂ ಚಾರ್ಜ್ ಮಾಡಬಹುದು. ಬೆಲೆಯೂ ತೂಕವೂ ಹೆಚ್ಚು. ಸೋಡಿಯಂ-ಅಯಾನ್ ಬ್ಯಾಟರಿಗಳ ಬಗ್ಗೆ ನನಗೆ ದೊಡ್ಡ ಭರವಸೆಯಿದೆ: ಚೀನಾದ ಸಿಎಟಿಎಲ್ ಕಂಪನಿ 2021ರಲ್ಲಿ ತನ್ನ ಸೋಡಿಯಂ ಬ್ಯಾಟರಿಯನ್ನು ಪರಿಚಯಿಸಿದಾಗ, ಅದು ಮೈನಸ್ 20ರಲ್ಲಿಯೂ ಶೇಕಡಾ 90ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುತ್ತದೆಂದು ಹೇಳಿತ್ತು. ಚಾರಣದ ಹೆಡ್‌ಲ್ಯಾಂಪಿಗಾದರೆ, ರೀಚಾರ್ಜ್ ಆಗದಿದ್ದರೂ, ಮೈನಸ್ 40ರವರೆಗೆ ನಡೆಯುವ ಲಿಥಿಯಂ ಎಎ ಸೆಲ್ಲುಗಳೇ ನನ್ನ ಆಯ್ಕೆ.

ಚಂದ್ರಯಾನ-3ರ ವಿಕ್ರಮ್ ಮತ್ತೆ ಏಳದಿದ್ದಕ್ಕೆ ಚಳಿಯೇ ಕಾರಣವೇ?

2023ರ ಆಗಸ್ಟ್ 23ರಂದು ಇಳಿದ ವಿಕ್ರಮ್ ಲ್ಯಾಂಡರ್ ಮತ್ತು ಅದರೊಳಗಿದ್ದ ಪುಟ್ಟ ಗಾಡಿ ಪ್ರಗ್ಯಾನ್‌ಗಳನ್ನು ರೂಪಿಸಿದ್ದೇ ಚಂದ್ರನ ಒಂದು ಹಗಲಿಗಾಗಿ, ಅಂದರೆ ನಮ್ಮ ಸುಮಾರು 14 ದಿನಗಳಿಗಾಗಿ. ಸೆಪ್ಟೆಂಬರ್ ಮೊದಲ ವಾರದಲ್ಲಿ ಇಸ್ರೊ ಅವುಗಳನ್ನು ನಿದ್ರೆಗೆ ಕಳುಹಿಸಿದಾಗ ಪ್ರಗ್ಯಾನ್‌ನ ಬ್ಯಾಟರಿ ಪೂರ್ತಿ ತುಂಬಿತ್ತು. ಆದರೆ ಆ ಬಳಿಕ ಬಂದ ರಾತ್ರಿ ಮೈನಸ್ 120 ಡಿಗ್ರಿಗಿಂತಲೂ ತಣ್ಣಗಿನದು. ಅಂಥ ಚಳಿಯಲ್ಲಿ ಎಲೆಕ್ಟ್ರೊಲೈಟ್ ಮಂದವಾಗುವುದಲ್ಲ, ಕಲ್ಲಾಗುತ್ತದೆ. ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಬೆಸುಗೆಗಳೂ ಬಿರುಕು ಬಿಡಬಹುದು. ಸೆಪ್ಟೆಂಬರ್ 22ರಂದು ಸೂರ್ಯ ಮೂಡಿದ ಮೇಲೆ ಕಳುಹಿಸಿದ ಕರೆಗೆ ಉತ್ತರ ಬರಲಿಲ್ಲ. ಚಂದ್ರನ ರಾತ್ರಿಯನ್ನು ದಾಟಲೇಬೇಕಾದ ಯಂತ್ರಗಳಲ್ಲಿ ಶಾಖದ ಆಕರವನ್ನೇ ಇಡುತ್ತಾರೆ. 1970ರಲ್ಲಿ ಇಳಿದ ಸೋವಿಯತ್ ಒಕ್ಕೂಟದ ಲುನೊಖೋದ್-1 ಎಂಬ ಗಾಡಿಯಲ್ಲಿ, ತಾನಾಗಿಯೇ ಶಾಖ ಸೂಸುವ ವಿಕಿರಣಶೀಲ ಪೊಲೋನಿಯಂ ಇಟ್ಟು ಬೆಚ್ಚಗಿಟ್ಟಿದ್ದರು.

ಬಳಸದ ಬ್ಯಾಟರಿಯನ್ನು ಫ್ರಿಜ್ಜಿನಲ್ಲಿಟ್ಟರೆ ಬಾಳಿಕೆ ಹೆಚ್ಚುತ್ತದೆಯೇ?

ತಂಪಿನಲ್ಲಿ ಬ್ಯಾಟರಿ ನಿಧಾನವಾಗಿ ಮುಪ್ಪಾಗುತ್ತದೆ ಎಂಬುದು ನಿಜ. ಆದರೆ ಮನೆಯ ಫ್ರಿಜ್ಜಿನ ತೇವ ಒಳ್ಳೆಯದಲ್ಲ. ಅರ್ಧದಷ್ಟು ಚಾರ್ಜ್ ಇಟ್ಟು, ಬಿಸಿಲು ಬೀಳದ ಒಣಗಿದ ಕಪಾಟಿನಲ್ಲಿಟ್ಟರೆ ಸಾಕು.

ವಿಮಾನದಲ್ಲಿ ಎಷ್ಟು ದೊಡ್ಡ ಪವರ್ ಬ್ಯಾಂಕ್ ಒಯ್ಯಬಹುದು?

ಕೈಚೀಲದಲ್ಲಿ ಮಾತ್ರ, ಮತ್ತು 100 ವ್ಯಾಟ್ ಅವರ್ (ಬ್ಯಾಟರಿಯಲ್ಲಿ ಕೂಡಿಟ್ಟ ಶಕ್ತಿಯ ಅಳತೆ) ಒಳಗಿರುವುದನ್ನು. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಅನುಮತಿ ಬೇಕು. 20,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್ ಅವರ್. ಅಂಥ ಎರಡನ್ನು ಒಯ್ಯುವುದು ಒಂದೇ ದೊಡ್ಡದಕ್ಕಿಂತ ಲೇಸು. ಒಂದು ಹೊರಗೆ ಕೆಲಸ ಮಾಡುವಾಗ ಇನ್ನೊಂದು ಬೆಚ್ಚಗೆ ಒಳಗಿರುತ್ತದೆ.

ಪ್ರವಾಸ ಮುಗಿಸಿ ಬಂದ ಮೇಲೆ ಬ್ಯಾಟರಿ ಉಬ್ಬಿದಂತೆ ಕಾಣುತ್ತಿದೆ. ಏನು ಮಾಡಲಿ?

ಒಳಗೆ ಅನಿಲ ತುಂಬಿದೆ ಎಂದರ್ಥ. ಇನ್ನು ಅದನ್ನು ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಮನೆಯ ಕಸದ ಬುಟ್ಟಿಗೂ ಹಾಕಬೇಡಿ. ಬೆಂಕಿ ಹೊತ್ತುವ ವಸ್ತುಗಳಿಂದ ದೂರ, ಲೋಹದ ಡಬ್ಬಿಯಲ್ಲಿ ಒಣ ಮರಳಿನ ಮೇಲೆ ಇಟ್ಟು, ಮುಚ್ಚಳವನ್ನು ಬಿಗಿಯದೆ, ಆದಷ್ಟು ಬೇಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.